ಸೇತುವೆಯ ನಡುವೆ ಒಂದು ಗೇಣು

ನಮ್ಮೂರಿನಲ್ಲಿ ನೆರಳು ತಾನಾಗಿ ಬೀಳುವುದಿಲ್ಲ. ಯಾರಾದರೂ ಕೂತು ಬರೆಯಬೇಕು. ಹೊಳೆಯ ಈ ದಡದಲ್ಲಿ ಆ ಯಾರಾದರೂ ಅನ್ನುವವಳು ನಾನೇ, ವನಜಾಕ್ಷಿ. ನೆರಳು ಕಚೇರಿಯ ಮಹಡಿಯಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಬೆಳಗಾಗುತ್ತಲೇ ಹುಣಸೇಮರಕ್ಕೆ, ಬಸ್ ಸ್ಟ್ಯಾಂಡಿಗೆ, ಸಂತೆಯ ಚಪ್ಪರಗಳಿಗೆ ಉದ್ದುದ್ದ ನೆರಳು ಎಳೆಯುವುದು, ಮಧ್ಯಾಹ್ನಕ್ಕೆ ಅವನ್ನೆಲ್ಲ ಬುಡಕ್ಕೆ ಮಡಚುವುದು, ಸಂಜೆಗೆ ಇನ್ನೊಂದು ಕಡೆಗೆ ಬಿಡುವುದು, ಇದು ನನ್ನ ಕೆಲಸ. ಮನುಷ್ಯರ ನೆರಳಿಗೆ ಇಷ್ಟು ಕಾಟವಿಲ್ಲ. ಒಮ್ಮೆ ಬರೆದರೆ ವರ್ಷ ಬಾಳುತ್ತದೆ, ಕಾಲಿಗೆ ಅಂಟಿಕೊಂಡು ಹೋದಲ್ಲೆಲ್ಲ ಹೋಗುತ್ತದೆ, ತಾನೇ ಉದ್ದವಾಗಿ ತಾನೇ ಗಿಡ್ಡವಾಗುತ್ತದೆ. ಆದರೆ ಬರೆಯುವವರಿಗೆ ಆ ಮನುಷ್ಯ ಗೊತ್ತಿರಬೇಕು. ಯಾಕೆಂದರೆ ನನ್ನ ಮುಂದಿನ ಪರದೆಯಲ್ಲಿ ಊರು ಕಾಣುವುದು ಹದ್ದಿಗೆ ಕಂಡ ಹಾಗೆ. ಮನುಷ್ಯರೆಲ್ಲ ಬರೀ ನೆತ್ತಿ. ನೆತ್ತಿಯ ಕೆಳಗೆ ಏನಿದೆ ಅನ್ನುವುದು ತಿಳಿಯದಿದ್ದರೆ ಗಿಡ್ಡ ಪೂಜಾರಿಗೆ ಉದ್ದನೆ ಪೈಲ್ವಾನನ ನೆರಳು ಬಿದ್ದು ರಂಪವಾಗುತ್ತದೆ. ಒಮ್ಮೆ ಆಗಿಯೂ ಇದೆ.

ಬರೆಯುವುದು ಸ್ಲೇಟಿನ ಮೇಲೆ. ಶಾಲೆಯ ಸ್ಲೇಟಲ್ಲ, ಕಂಪ್ಯೂಟರಿಗೆ ತಂತಿಯಿಂದ ಸಿಕ್ಕಿಸಿದ ಕಪ್ಪು ಹಲಗೆ. ಬಂದಾಗ ಪೆಟ್ಟಿಗೆಯ ಮೇಲೆ ಡ್ರಾಯಿಂಗ್ ಟ್ಯಾಬ್ಲೆಟ್ ಎಂದಿತ್ತು, ಊರಿನ ಬಾಯಲ್ಲಿ ಅದು ಸ್ಲೇಟಾಯಿತು. ಅದರ ಮೇಲೆ ಶಾಯಿಯಿಲ್ಲದ ಪೆನ್ನು ಆಡಿಸಿದರೆ ಗೆರೆ ಹಲಗೆಯ ಮೇಲೆ ಮೂಡುವುದಿಲ್ಲ. ಎದುರಿನ ಮಾನಿಟರಿನಲ್ಲಿ ಮೂಡಿ, ಅಲ್ಲಿಂದ ಊರಿನ ನೆಲಕ್ಕೆ ಇಳಿಯುತ್ತದೆ. ಕೈ ಒಂದು ಕಡೆ, ಕಣ್ಣು ಒಂದು ಕಡೆ. ಈ ವಿದ್ಯೆ ನನಗೆ ಕಲಿಸಿದವರು ದೇವಕಮ್ಮ, ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು. ತಪ್ಪಾದರೆ ಬೆರಳ ಗಿಣ್ಣಿಗೆ ಅಡಿಕೋಲಿನಿಂದ ಒಂದು ಕೊಟ್ಟು, ಆಮೇಲೆ ಕಡಲೆಮಿಠಾಯಿ ಕೊಡುತ್ತಿದ್ದರು.

ಕಚೇರಿಯ ಗೋಡೆಯ ಮೇಲೆ ಒಂದೇ ಒಂದು ನಿಯಮ ಬರೆದಿದೆ: ಅವರವರ ನೆರಳನ್ನು ಅವರವರೇ ಬರೆಯತಕ್ಕದ್ದಲ್ಲ. ಬರೆದರೂ ನಿಲ್ಲುವುದಿಲ್ಲ, ಒಣಗಿದ ಸುಣ್ಣದ ಹಾಗೆ ಉದುರಿಹೋಗುತ್ತದೆ. ನಾನು ಕದ್ದು ಬರೆದು ನೋಡಿದ್ದೇನೆ. ದೇವಕಮ್ಮ ಬದುಕಿರುವವರೆಗೆ, ನಿವೃತ್ತಿಯಾದ ಮೇಲೂ, ವರ್ಷಕ್ಕೊಂದು ಸಲ ಕೋಲೂರಿಕೊಂಡು ಮಹಡಿ ಹತ್ತಿ ಬಂದು ನನ್ನ ನೆರಳು ಬರೆದು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ಸವೆದು ಸವೆದು, ಒಂದು ಬೆಳಿಗ್ಗೆ ನೀರಿಗೆ ಹೋದಾಗ ನೋಡಿದರೆ ನನ್ನ ಕಾಲ ಬುಡದಲ್ಲಿ ಏನೂ ಇರಲಿಲ್ಲ. ಅದಾಗಿ ಹನ್ನೊಂದು ವರ್ಷ. ಊರಿನವರು ಒಳ್ಳೆಯವರು, ನನ್ನ ಜೊತೆ ಮಾತಾಡುವಾಗ ನೆಲ ನೋಡುವುದಿಲ್ಲ. ನಾನೂ ಸೂರ್ಯ ಹುಟ್ಟುವ ಮೊದಲು ಕಚೇರಿ ಸೇರಿ, ಮುಳುಗಿದ ಮೇಲೆ ಮನೆಗೆ ಹೊರಡುತ್ತಿದ್ದೆ. ಬಿಸಿಲಲ್ಲಿ ಹೋಗಲೇಬೇಕಾದರೆ ಕೊಡೆ ಇತ್ತು. ಕೊಡೆ ವಸ್ತುವಾದ್ದರಿಂದ ಅದರ ನೆರಳನ್ನು ನಾನೇ ಬರೆದುಕೊಳ್ಳಬಹುದು. ಆ ದುಂಡು ನೆರಳಿನ ನಡುವೆ ನಿಂತುಬಿಟ್ಟರೆ ಕೆಳಗೆ ಏನಿದೆ, ಏನಿಲ್ಲ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ಇದೆಲ್ಲ ಒಗ್ಗಿಹೋಗಿತ್ತು. ನಳಿನಿಗೆ ಮದುವೆ ಗೊತ್ತಾಗದಿದ್ದರೆ ಹೀಗೇ ನಡೆದುಹೋಗುತ್ತಿತ್ತು. ನಳಿನಿ ನನ್ನ ತಂಗಿ ಪಂಕಜಳ ಮಗಳು. ನಮ್ಮಪ್ಪನಿಗೆ ತಾವರೆಯ ಮೇಲೆ ಅದೇನು ಮೋಹವೋ, ಮನೆಯ ಹೆಣ್ಣುಮಕ್ಕಳಿಗೆಲ್ಲ ಅದೇ ಹೂವಿನ ಹೆಸರು; ಮೊಮ್ಮಗಳನ್ನೂ ಬಿಡಲಿಲ್ಲ. ಪಂಕಜ ಹೋದಾಗ ಮಗುವಿಗೆ ನಾಲ್ಕು ವರ್ಷ. ಅದು ಸೀದಾ ಬಂದು ನನ್ನ ಸೆರಗು ಹಿಡಿಯಿತು, ಇಪ್ಪತ್ತು ವರ್ಷ ಬಿಡಲಿಲ್ಲ. ಈಗ ಆ ದಡದ ಸೈಕಲ್ ಅಂಗಡಿಯ ಲೋಕೇಶನನ್ನು ತಾನೇ ಒಪ್ಪಿಕೊಂಡು ಬಂದು, ಆಮೇಲೆ ನನ್ನನ್ನು ಒಪ್ಪಿಸಿದಳು. ಹುಡುಗ ಒಳ್ಳೆಯವನೇ. ಚಿಂತೆ ಅದಾಗಿರಲಿಲ್ಲ.

ನಮ್ಮ ಕಡೆ ತಾಳಿ ಕಟ್ಟುವ ಮೊದಲು ನೆರಳು ಕೊಡುವ ಶಾಸ್ತ್ರವಿದೆ. ಹೆಣ್ಣನ್ನು ಸಾಕಿ ಬೆಳೆಸಿದ ಹಿರಿಯಳು ಮಂಟಪದ ಮೂಡಲ ಬದಿಗೆ ನಿಲ್ಲಬೇಕು. ಎಳೆಬಿಸಿಲಿನಲ್ಲಿ ಅವಳ ನೆರಳು ಹೆಣ್ಣು ಗಂಡು ಇಬ್ಬರ ತಲೆಯ ಮೇಲೂ ಬೀಳಬೇಕು. ಅದು ಬಿದ್ದ ಮೇಲೆಯೇ ತಾಳಿ. ಈ ಮಾತು ಬಂದಾಗ ಮನೆಯಲ್ಲಿ ಎಲ್ಲರೂ ಚಾವಣಿ ನೋಡತೊಡಗಿದರು. ಲೋಕೇಶನ ಸೋದರತ್ತೆ ಕೆಂಪಮ್ಮ, ನೋಯಿಸಬಾರದು ಎಂದೇ ಮೆತ್ತಗೆ, ಬೇಕಾದರೆ ನಾನು ನಿಲ್ಲುತ್ತೇನೆ ಎಂದರು. ಅವರ ನೆರಳು ಎರಡು ಮದುವೆಗೆ ಸಾಕಾಗುವಷ್ಟಿದೆ, ಸುಳ್ಳು ಹೇಳಬಾರದು. ನಮ್ಮ ಕಚೇರಿಯ ಮೇಲ್ವಿಚಾರಕರು ತಿಪ್ಪೇಶಯ್ಯನವರು ನನ್ನ ಪರವಾಗಿ ಮಾತಾಡಲು ಬಂದಿದ್ದವರು, ವನಜಮ್ಮ ಕೊಡೆ ಹಿಡಿದು ನಿಂತರಾಯಿತು, ಕೊಡೆಯ ನೆರಳೂ ನೆರಳೇ ಅಲ್ಲವೇ ಎಂದರು. ನಳಿನಿ ಲೋಟ ಕೆಳಗಿಟ್ಟಳು.

"ಕೊಡೆ ನನ್ನ ಸಾಕಿಲ್ಲ. ದೊಡ್ಡಮ್ಮನ ನೆರಳು ಬೀಳದಿದ್ರೆ ನಾನು ತಾಳಿ ಕಟ್ಟಿಸ್ಕೊಳ್ಳಲ್ಲ."

ಇವಳ ಹಟ ನನಗೆ ಗೊತ್ತು. ಐದು ವರ್ಷದವಳಿದ್ದಾಗ ಹಾಗಲಕಾಯಿ ತಿನ್ನುವುದಿಲ್ಲ ಎಂದವಳು ಇವತ್ತಿಗೂ ತಿಂದಿಲ್ಲ. ಅಂದು ಎಲ್ಲರೂ ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ದುಃಖಕ್ಕಿಂತ ಹೆಚ್ಚಾಗಿ ಹೆಮ್ಮೆಗೆ ಅತ್ತೆ ಅನ್ನಬೇಕು.

ನನಗೆ ಒಂದು ಆಸೆ ಇತ್ತು. ಮದುವೆ ನಡೆಯುವುದು ಆ ದಡದಲ್ಲಿ. ಆ ದಡಕ್ಕೆ ಬೇರೆ ಸ್ಲೇಟು, ಬೇರೆ ಮಾನಿಟರ್, ಬರೆಯುವವರು ಗಫೂರ್ ಸಾಬರು. ಅವರ ಪರದೆಯೊಳಗೆ ಹೋಗಿ ನಿಂತರೆ ಅವರು ನನ್ನ ನೆರಳು ಬರೆಯಬಹುದು. ಹಾಗಾದರೆ ಹನ್ನೊಂದು ವರ್ಷ ಯಾಕೆ ಹೋಗಲಿಲ್ಲ ಎಂದರೆ, ಬಿಸಿಲಿನ ಹೊತ್ತಿನಲ್ಲಿ ನಾನು ಕುರ್ಚಿ ಬಿಟ್ಟರೆ ಈ ದಡದ ಮರಗಳೆಲ್ಲ ಬೋಳು. ಅದಕ್ಕಿಂತ ದೊಡ್ಡ ಕಾರಣ ಸಂಕೋಚ. ಸಾಬರನ್ನು ನಾನು ನೋಡಿಯೇ ಇರಲಿಲ್ಲ. ಸೇತುವೆ ಅರ್ಧ ಅವರ ಪರದೆಯಲ್ಲಿ, ಅರ್ಧ ನನ್ನದರಲ್ಲಿ. ಕಂಬಿಯ ನೆರಳು ನಡುವೆ ಕೂಡಬೇಕಾದ್ದರಿಂದ ದಿನಾ ಬೆಳಿಗ್ಗೆ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು, ಅಷ್ಟೇ. ಲೈನು ಸರಿಯಿರುತ್ತಿರಲಿಲ್ಲ, ನಾನು ಕಿರುಚಿಯೇ ಮಾತಾಡುತ್ತಿದ್ದೆ. ಮೊದಲೇ ನನ್ನ ದನಿ ದೊಡ್ಡದು. ಅವರದ್ದು ತಣ್ಣಗಿನ ದನಿ, ಕಂಬಿ ಎರಡು ಬೆರಳು ಇಳಿಸ್ರಮ್ಮ, ಸಾಕು, ಸರಿಹೋಯ್ತು, ಅನ್ನುವಷ್ಟು.

ಕೇಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಸಾಬರ ಕೈ ನಡುಗಲು ಶುರುವಾಯಿತು. ಆ ದಡದಲ್ಲಿ ಎಲೆ ಅಲುಗದಿದ್ದರೂ ಮರಗಳ ನೆರಳು ಅಲುಗತೊಡಗಿತು. ಹಸುಗಳು ಅದರಲ್ಲಿ ಮಲಗಲು ಒಪ್ಪಲಿಲ್ಲ. ಬೇವಿನಮರದ ಕೆಳಗಿನ ಕ್ಷೌರಿಕನ ಕುರ್ಚಿಗೆ ಗಿರಾಕಿ ಬರಲಿಲ್ಲ. ನಡುಗುವ ನೆರಳಿನಲ್ಲಿ ಕುತ್ತಿಗೆಗೆ ಕತ್ತಿ ಇಡಿಸಿಕೊಳ್ಳಲು ಯಾರಿಗೆ ಧೈರ್ಯ ಬರುತ್ತದೆ. ಸಾಬರು ಯಾರೂ ಹೇಳುವ ಮೊದಲೇ ಪೆನ್ನು ಒಪ್ಪಿಸಿ ಮನೆಗೆ ಹೋದರು. ನನ್ನ ಆಸೆಯೂ ಅವರ ಜೊತೆ ಮನೆಗೆ ಹೋಯಿತು.

ಮದುವೆಗೆ ಇನ್ನು ಒಂದು ತಿಂಗಳಿತ್ತು. ತಿಪ್ಪೇಶಯ್ಯನವರು ಸಾಬರ ಮಾನಿಟರನ್ನು ಕೈಗಾಡಿಯಲ್ಲಿ ಹಾಕಿಸಿ ಸೇತುವೆ ದಾಟಿಸಿ ತಂದರು. ಸ್ಲೇಟನ್ನು ಮೇಲೆ ಇಟ್ಟಿದ್ದರಂತೆ, ಕುಲುಕಾಟಕ್ಕೆ ಅದು ಜಾರಿ ಹೊಳೆಗೆ ಬಿತ್ತು. ಅದಕ್ಕೇನು ದೊಡ್ಡ ವಿಷಯ, ಬರೆಯುವ ಕೈ ಒಂದೇ ಅಂದಮೇಲೆ ಸ್ಲೇಟೂ ಒಂದೇ ಸಾಕು ಎಂದು ಅವರೇ ಸಮಾಧಾನ ಮಾಡಿಕೊಂಡು, ನನ್ನ ಮಾನಿಟರಿನ ಬಲಕ್ಕೆ ಅದನ್ನು ಇರಿಸಿ, ತಂತಿ ಸಿಕ್ಕಿಸಿ, ಹೂ ಮುಡಿಸಿದರು. ಎಡಗಡೆ ಈ ದಡ, ಬಲಗಡೆ ಆ ದಡ, ನಡುವೆ ಎರಡು ಮಾನಿಟರಿನ ಅಂಚು ಸೇರುವಲ್ಲಿ ಸೇತುವೆ. ನೋಡಲು ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಎಂದಿನಂತೆ ಹುಣಸೇಮರಕ್ಕೆ ದುಂಡಗೆ ನೆರಳು ಸುತ್ತಿದೆ. ಪರದೆಯಲ್ಲಿ ಮೂಡಿದ್ದು ದುಂಡಗಿರಲಿಲ್ಲ, ದೋಣಿಯಂತೆ ಅಡ್ಡಡ್ಡ ಹಿಗ್ಗಿತ್ತು. ಅದೂ ಮರದ ಬುಡದಲ್ಲಿ ಬೀಳದೆ ದೂರ ಹೋಗಿ ಅಂಗನವಾಡಿಯ ಮೇಲೆ ಬಿದ್ದಿತ್ತು. ಬಸ್ಸಿಗೆ ಬರೆದರೆ ರೈಲಿನಷ್ಟು ಉದ್ದವಾಯಿತು. ಹಲಗೆಯ ನಡುವೆ ಪೆನ್ನಿಟ್ಟರೆ ನನ್ನ ಪರದೆಯ ನಡುವಿಗೆ ಹೋಗುವುದು ಬಿಟ್ಟು ನೇರ ಹೊಳೆಗೇ ಇಳಿಯುತ್ತಿತ್ತು. ಒಂದೇ ಸ್ಲೇಟು ಎರಡೂ ಪರದೆಯ ಅಗಲಕ್ಕೆ ಕೈಚಾಚಿಕೊಂಡು ಕೂತಿದೆ ಅನ್ನುವುದು ನನಗೆ ಹೊಳೆಯುವಷ್ಟರಲ್ಲಿ ಹತ್ತು ಗಂಟೆಯಾಗಿ, ಊರೆಲ್ಲ ಅಡ್ಡಗಲ ನೆರಳಿನಿಂದ ತುಂಬಿಹೋಗಿತ್ತು. ಜನ ಮಾತ್ರ ಹೊಂದಿಕೊಂಡುಬಿಟ್ಟರು. ಎಮ್ಮೆಗಳು ಹೊಳೆಯ ನಡುವೆ ಬಿದ್ದಿದ್ದ ಸಿನಿಮಾ ಟೆಂಟಿನ ನೆರಳಿಗೆ ಹೋಗಿ ಮಲಗಿದವು. ಅವತ್ತೇ ನೆರಳು ಹೊಸದು ಮಾಡಿಸಿಕೊಂಡ ಕಡ್ಡಿ ಸಿದ್ದಲಿಂಗು ತನ್ನ ದಪ್ಪನೆ ನೆರಳು ನೋಡಿಕೊಂಡು, ಹೆಂಡತಿಯನ್ನು ಕರೆದು ತೋರಿಸಿ, ಇದನ್ನು ಅಳಿಸಕೂಡದು ಎಂದು ಕಚೇರಿಗೆ ಅರ್ಜಿ ಕೊಟ್ಟ. ಸಂತೆಯಲ್ಲಿ ಒಬ್ಬಳ ಚಪ್ಪರದ ನೆರಳು ಪಕ್ಕದವಳ ಟೊಮ್ಯಾಟೊ ಬುಟ್ಟಿಯ ಮೇಲೂ ಹರಡಿ, ಮೊದಲು ಜಗಳವಾಗಿ ಆಮೇಲೆ ಇಬ್ಬರೂ ಒಂದೇ ಚಪ್ಪರದಡಿ ಕೂತು ಎಲೆಯಡಿಕೆ ಹಾಕಿಕೊಂಡರು.

ನಾನು ಗಫೂರ್ ಸಾಬರಿಗೆ ಫೋನು ಮಾಡಿದೆ. ಅವರು ಸ್ವಲ್ಪ ಯೋಚಿಸಿ, ಸ್ಲೇಟಿನ ಎಡ ಅಂಚಿನಲ್ಲಿ ನಾಲ್ಕು ಗುಂಡಿ ಇರಬೇಕಲ್ಲ, ಮೂರನೆಯದು ಒತ್ತಿ ನೋಡಿ ಎಂದರು. ನನ್ನ ಸ್ಲೇಟಿನಲ್ಲಿ ಗುಂಡಿಯೇ ಇರಲಿಲ್ಲ. ಇದ್ದದ್ದು ನಾಲ್ಕು ಕೆಂಪು ಬೊಟ್ಟು. ಹೆಬ್ಬೆರಳಿನಲ್ಲಿ ಕೆರೆದು ನೋಡಿದಾಗ ಗೊತ್ತಾಯಿತು: ಪ್ರತಿ ಆಯುಧಪೂಜೆಗೆ ತಿಪ್ಪೇಶಯ್ಯನವರು ಕುಂಕುಮ ಕಲಸಿ ಇಡುತ್ತಿದ್ದದ್ದು ಆ ಗುಂಡಿಗಳ ಮೇಲೆಯೇ, ಬೊಟ್ಟಿಡಲೆಂದೇ ಮಾಡಿದ ಜಾಗ ಅಂದುಕೊಂಡು. ವರ್ಷ ವರ್ಷದ ಕುಂಕುಮ ಗಟ್ಟಿಯಾಗಿ ಕಲ್ಲಾಗಿತ್ತು. ಪಿನ್ನಿನಿಂದ ಬಿಡಿಸಿ, ಕೊಬ್ಬರಿ ಎಣ್ಣೆ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಮೂರನೇ ಗುಂಡಿ ಟಕ್ ಎಂದಿತು. ತಿಪ್ಪೇಶಯ್ಯನವರು ಇಷ್ಟು ಹೊತ್ತು ಪಕ್ಕದಲ್ಲಿ ನಿಂತು ಪೂಜೆಯಿಂದ ಯಾವ ಯಂತ್ರವೂ ಕೆಟ್ಟಿದ್ದಿಲ್ಲ ಅನ್ನುತ್ತಲೇ ಇದ್ದರು.

ಒಂದು ಸಲ ಒತ್ತಿದರೆ ಸ್ಲೇಟು ಪೂರಾ ಈ ದಡಕ್ಕೆ. ಎರಡು ಸಲ ಒತ್ತಿದರೆ ಪೂರಾ ಆ ದಡಕ್ಕೆ. ಮರಗಳು ಮತ್ತೆ ದುಂಡಗಾದವು. ಮೂರು ಸಲ ಒತ್ತಿದರೆ ಮಾತ್ರ ವಿಚಿತ್ರ: ಪರದೆಯ ಮೇಲೆ ಪೆನ್ನು ಇದ್ದಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಚೌಕ ಮೂಡಿ, ಇಡೀ ಸ್ಲೇಟು ಅಷ್ಟಕ್ಕೇ ಸೀಮಿತವಾಗುತ್ತಿತ್ತು. ತೋಳು ಬೀಸಿ ಈ ತುದಿಯಿಂದ ಆ ತುದಿಗೆ ಎಳೆದರೆ ಪರದೆಯಲ್ಲಿ ಕಡಲೆಕಾಳಿನಷ್ಟು ಗೆರೆ. ಇದು ಯಾತಕ್ಕೆ ಬರುತ್ತದೆ ಎಂದು ನಕ್ಕು, ತಮಾಷೆಗೆ ಕಚೇರಿಯ ಮೆಟ್ಟಿಲ ಮೇಲಿನ ಇರುವೆ ಸಾಲಿಗೆ ಒಂದೊಂದಾಗಿ ನೆರಳು ಬರೆದು, ಅದನ್ನು ಮರೆತೆ. ನಾಲ್ಕನೇ ಸಲಕ್ಕೆ ಮತ್ತೆ ಎರಡೂ ದಡ.

ಸೇತುವೆಗೆ ಮಾತ್ರ ಎರಡೂ ದಡ ಬೇಕು. ಸಾಬರ ಮಾನಿಟರ್ ನನ್ನದಕ್ಕಿಂತ ಎತ್ತರದ್ದು, ಕಂಪ್ಯೂಟರಿನ ಪ್ರಕಾರ ಎರಡಕ್ಕೂ ಒಂದು ಗೇಣು ಏರುಪೇರು. ಹಾಗಾಗಿ ಸೇತುವೆಯ ನಟ್ಟನಡುವೆ, ಒಂದು ಪರದೆ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ, ದಾಟುವವರ ನೆರಳು ಥಟ್ಟನೆ ಒಂದು ಗೇಣು ಪಕ್ಕಕ್ಕೆ ಹಾರುತ್ತಿತ್ತು. ಹೋಗುವಾಗಲೂ ಎಡಕ್ಕೆ, ಬರುವಾಗಲೂ ಎಡಕ್ಕೆ. ಮೊದಲ ದಿನ ಜನ ಬೆಚ್ಚಿದರು. ನೆರಳು ಬಿಟ್ಟು ಕಾಲು ಮುಂದೆ ಹೋದರೆ ಮೈ ಜುಮ್ಮೆನ್ನುತ್ತದಂತೆ. ಎರಡನೆಯ ದಿನ ಹಾಲಿನವನೊಬ್ಬ ನೆರಳಿನ ಜೊತೆ ತಾನೂ ಎಡಕ್ಕೆ ಹಾರಿದ. ಮೂರನೆಯ ದಿನಕ್ಕೆ ಊರೆಲ್ಲ ಹಾರುತ್ತಿತ್ತು. ಮೇಷ್ಟ್ರು ಪಂಚೆ ಎತ್ತಿಕೊಂಡು ಹಾರುವರು, ಬಸುರಿಯರು ಮೆಲ್ಲಗೆ ಕಾಲೆತ್ತಿಡುವರು, ಮುದುಕರು ಮೊದಲು ಕೋಲನ್ನು ಹಾರಿಸಿ ಆಮೇಲೆ ತಾವು ಹಾರುವರು. ಜಗಳವಾಡಿಕೊಂಡು ಬಂದ ಗಂಡಹೆಂಡಿರೂ ಅಲ್ಲಿ ಒಟ್ಟಿಗೆ ಹಾರಬೇಕು, ಹಾರಿದ ಮೇಲೆ ಜಗಳ ಮುಂದುವರಿಸುವುದು ಕಷ್ಟ. ತಿಪ್ಪೇಶಯ್ಯನವರು ಅದನ್ನು ಬೇಗ ಸರಿಮಾಡಿ ಎನ್ನುತ್ತಿದ್ದರು, ನಾನು ಅದಕ್ಕೆ ಬಹಳ ಸಮಯ ಹಿಡಿಯುತ್ತದೆ ಸಾರ್ ಎನ್ನುತ್ತಿದ್ದೆ. ನಿಜವಾಗಿ ಎರಡು ನಿಮಿಷದ ಕೆಲಸ. ಪರದೆಯ ಅಂಚಿನಲ್ಲಿ ದಿನವಿಡೀ ನೆತ್ತಿಗಳು ಪಟಪಟ ಹಾರುವುದನ್ನು ನೋಡುತ್ತ ಕೂರುವ ಸುಖ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಮದುವೆಯ ದಿನ ಕುರ್ಚಿಯಲ್ಲಿ ಯಾರು ಕೂರುವುದು ಎಂಬ ಪ್ರಶ್ನೆ ಬಂತು. ತಿಪ್ಪೇಶಯ್ಯನವರು ತಾವೇ ಒಮ್ಮೆ ಪೆನ್ನು ಹಿಡಿದು ನೋಡಿದರು. ತೆಂಗಿನಮರಕ್ಕೆ ಪೊರಕೆಯ ನೆರಳು ಬಿತ್ತು. ಕೊನೆಗೆ ಗಫೂರ್ ಸಾಬರನ್ನೇ ಕೇಳಿದೆ. ಮರಗಳಿಗಾದರೆ ಬರುತ್ತೇನೆ, ನಡುಗಿದರೂ ಜನ ಗಾಳಿ ಅಂದುಕೊಳ್ಳುತ್ತಾರೆ ಎಂದರು. ಆಗ ನಾನು ಮೊದಲ ಬಾರಿಗೆ, ಬಾಯಿ ಬಿಟ್ಟು, ನನ್ನ ನೆರಳಿನ ವಿಷಯ ಹೇಳಿದೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ವನಜಮ್ಮ," ಎಂದರು ಸಾಬರು. "ಈಗ ನನ್ ಕೈ ನೋಡಿದ್ರೆ ಹಿಂಗೆ. ನಿಮ್ ಮಗಳ ತಲೆ ಮೇಲೆ ನಡುಗೋ ನೆರಳು ಬಿದ್ರೆ ಅದು ಒಳ್ಳೇದಲ್ಲ. ಅದೊಂದು ನನ್ ಕೈಲಿ ಮಾಡಿಸ್ಬೇಡಿ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮದುವೆಯ ಹಿಂದಿನ ಸಂಜೆ ಬೆಳಕು ಇಳಿದ ಮೇಲೆ ನಾನು ಕೊಡೆ ಹಿಡಿದುಕೊಂಡು ಆ ದಡಕ್ಕೆ ಹೊರಟೆ. ಜೊತೆಯವರು ಸೇತುವೆಯ ನಡುವೆ ಬಂದಾಗ ಅಭ್ಯಾಸಬಲದಿಂದ ಎಡಕ್ಕೆ ಹಾರಿದರು. ನಾನು ನೆಟ್ಟಗೆ ನಡೆದು ಹೋದೆ. ಹಾರಲು ನನ್ನ ಬಳಿ ಏನಿತ್ತು. ನಳಿನಿಯನ್ನು ಹೇಗೆ ಒಪ್ಪಿಸುವುದು, ಕೆಂಪಮ್ಮನ ಕೈ ಹಿಡಿದು ನೀವೇ ನಿಲ್ಲಿ ಎಂದು ಹೇಗೆ ಹೇಳುವುದು, ಅಷ್ಟೇ ತಲೆಯಲ್ಲಿ ಸುತ್ತುತ್ತಿತ್ತು.

ಬೆಳಿಗ್ಗೆ ಎದ್ದಾಗ ಲೋಕೇಶನ ಅಜ್ಜಿ ಚಪ್ಪರದ ಮುಂದೆ ರಂಗೋಲಿ ಬಿಡುತ್ತಿದ್ದರು. ಎಂಬತ್ತು ದಾಟಿದ ಜೀವ, ಕೈ ಎಷ್ಟು ನಡುಗುತ್ತಿತ್ತೆಂದರೆ ಬಟ್ಟಲಿನಿಂದ ಪುಡಿ ತೆಗೆಯುವಾಗಲೇ ಅರ್ಧ ಚೆಲ್ಲುತ್ತಿತ್ತು. ಆದರೆ ನೆಲದ ಮೇಲಿನ ರಂಗೋಲಿ ಅಚ್ಚುಕಟ್ಟಾಗಿತ್ತು. ನಾನು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನೋಡಿದೆ. ಅಜ್ಜಿ ಸಣ್ಣ ಎಳೆ ಬಿಡುತ್ತಲೇ ಇರಲಿಲ್ಲ. ಒಂದೊಂದು ಎಳೆಯೂ ಮಾರುದ್ದ, ಸೊಂಟ ಬಗ್ಗಿಸಿ ಇಡೀ ತೋಳು ಬೀಸಿ ಎಳೆದದ್ದು. ಅಷ್ಟು ದೊಡ್ಡ ಗೆರೆಯಲ್ಲಿ ಕೈಯ ನಡುಕ ಎಲ್ಲಿ ಹೋಯಿತೋ ಕಾಣುತ್ತಿರಲಿಲ್ಲ. ಕೇಳಿದರೆ ಅಜ್ಜಿ ಹೇಳಿದ್ದು ಇಷ್ಟೇ: "ಚಿಕ್ಕದು ಬಿಟ್ರೆ ಕೈ ಕಾಣುತ್ತೆ ಕಣಮ್ಮ, ದೊಡ್ಡದು ಬಿಟ್ರೆ ರಂಗೋಲಿ ಕಾಣುತ್ತೆ."

ನನಗೆ ಇರುವೆಗಳು ನೆನಪಾದವು. ಮೂರು ಸಲ ಒತ್ತಿದ ಗುಂಡಿ, ಬೆಂಕಿಪೊಟ್ಟಣದಷ್ಟು ಚೌಕ, ತೋಳು ಬೀಸಿ ಎಳೆದ ಗೆರೆ ಕಡಲೆಕಾಳಾಗಿ ಕುಗ್ಗುವುದು. ಗೆರೆ ಕುಗ್ಗಿದರೆ ಅದರೊಳಗಿನ ನಡುಕವೂ ಕುಗ್ಗಬೇಕಲ್ಲ. ಎದ್ದ ರಭಸಕ್ಕೆ ಅಜ್ಜಿಯ ಬಟ್ಟಲು ಉರುಳಿಸಿ, ಕ್ಷಮೆ ಕೇಳುವುದನ್ನೂ ಮರೆತು ಫೋನು ಹುಡುಕಿಕೊಂಡು ಓಡಿದೆ. ಆದರೆ ಕಚೇರಿಯ ಫೋನು ಸಿಗಲಿಲ್ಲ. ಸಾಬರು ಬೆಳಗಿನ ಮರಗಳಲ್ಲಿ ಮುಳುಗಿದ್ದರು. ಸಿಕ್ಕಾಗ ಮುಹೂರ್ತಕ್ಕೆ ಕಾಲು ಗಂಟೆ ಉಳಿದಿತ್ತು, ಮಂಟಪದಲ್ಲಿ ಪುರೋಹಿತರು ನೆರಳು ಕೊಡುವವರು ಬರಬೇಕು ಎಂದು ಎರಡನೇ ಸಲ ಕೂಗಿದ್ದರು, ನಳಿನಿ ಮಣೆಯ ಮೇಲೆ ಕೈಕಟ್ಟಿಕೊಂಡು ಕೂತಿದ್ದಳು, ಕೆಂಪಮ್ಮ ಏಳಲೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು.

ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಕೊಡೆ ಹಿಡಿದು ನಾನು ಮೂಡಲ ಬದಿಗೆ ಹೋಗಿ ನಿಂತೆ. ಫೋನಿನಲ್ಲಿ ಕಿರುಚಿ ಹೇಳಿದೆ: ಪೆನ್ನನ್ನು ಸೈಕಲ್ ಅಂಗಡಿ ಹಿಂದಿನ ಬಯಲಿಗೆ ತನ್ನಿ, ಮೂರನೇ ಗುಂಡಿ ಮೂರು ಸಲ ಒತ್ತಿ, ತೋಳು ಬೀಸಿ ಬರೆಯಿರಿ. ಇಡೀ ಮದುವೆಮನೆ ನನ್ನ ಮಾತು ಕೇಳಿಸಿಕೊಂಡಿತು. ಸಾಬರು ಒತ್ತಿದರು. ಈಗ ಬರೀ ಮಂಟಪದ ಸುತ್ತಮುತ್ತ ಅಷ್ಟೇ ಸಿಗುತ್ತಿದೆ, ಒಂದು ಗೆರೆ ಎಳೆದು ನೋಡಿದೆ, ಎಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, ಗೆರೆ ನಡುಗಲಿಲ್ಲ ವನಜಮ್ಮ, ಎಂದರು. ಇಲ್ಲಿ ಮಂಟಪದ ಪಕ್ಕದ ಬಾಳೆಗಂಬಕ್ಕೆ ಇದ್ದಕ್ಕಿದ್ದಂತೆ ಒಂದು ಎಲೆ ನೆರಳು ಹೆಚ್ಚಾಗಿತ್ತು.

ಆದರೆ ನೆತ್ತಿಗಳ ನಡುವೆ ನನ್ನದು ಯಾವುದು ಎಂದು ಅವರಿಗೆ ತಿಳಿಯಲಿಲ್ಲ. ತಿಳಿದರೂ ನಿಮ್ಮನ್ನು ಕಂಡವನಲ್ಲ, ಹೇಗೆ ಬರೆಯಲಿ ಎಂದರು. ನಿಮಗೆ ನಾನು ಹೇಗೆ ಗೊತ್ತೋ ಹಾಗೆ ಬರೆಯಿರಿ ಎಂದೆ. ಕೊಡೆ ಮುಚ್ಚುತ್ತೇನೆ, ಮುಚ್ಚಿದಾಗ ಕಾಣುವ ನೆತ್ತಿ ನನ್ನದು.

ಕೊಡೆ ಮುಚ್ಚಿದೆ. ಹನ್ನೊಂದು ವರ್ಷದಲ್ಲಿ ನಾಲ್ಕು ಜನರ ಎದುರು ಬಿಸಿಲಲ್ಲಿ ಹಾಗೆ ನಿಂತದ್ದು ಅದೇ ಮೊದಲು. ನಾನೂರು ಜನ ಇದ್ದರು. ಎಲ್ಲರ ಕಾಲ ಬುಡದಿಂದಲೂ ಉದ್ದನೆ ನೆರಳುಗಳು ಹೊರಟಿದ್ದವು, ನನ್ನ ಕಾಲ ಬುಡದಲ್ಲಿ ಬರೀ ಬೆಳ್ಳನೆ ಮಣ್ಣು. ಯಾವತ್ತೂ ನೆಲ ನೋಡದ ಜನ ಅವತ್ತು ನೆಲವನ್ನೇ ನೋಡುತ್ತಿದ್ದರು. ನಾಚಿಕೆಯಾಯಿತು, ಓಡಿಹೋಗೋಣ ಅನಿಸಿತು. ನಳಿನಿ ಮಾತ್ರ ನೆಲ ನೋಡದೆ ನನ್ನ ಮುಖ ನೋಡುತ್ತಿದ್ದಳು.

ಮೊದಲು ಹಿಮ್ಮಡಿಯ ಹತ್ತಿರ ತಂಪು ತಾಗಿತು. ಆಮೇಲೆ ಸೀರೆಯ ಅಂಚಿನಷ್ಟು ಕಪ್ಪು. ಅದು ನಿಧಾನವಾಗಿ ಮುಂದಕ್ಕೆ ಹರಿಯಿತು, ನೆರಿಗೆ ಮೂಡಿತು, ಸೊಂಟ ಮೂಡಿತು, ಹೆಗಲು ಮೂಡಿತು. ಒಂದು ಗೆರೆಯಾದರೂ ನಡುಗಲಿಲ್ಲ. ನಾನು ಇರುವುದು ಐದಡಿಗೆ ಎರಡಂಗುಲ ಕಡಿಮೆ, ಆಕಾರ ಅಂದರೆ ಹಿತ್ತಾಳೆ ಕೊಡ. ಆ ನೆರಳು ನಿಲ್ಲಲೇ ಇಲ್ಲ. ಮಂಟಪದ ಮೆಟ್ಟಿಲು ಹತ್ತಿತು, ನಳಿನಿಯ ತಲೆಯ ಮೇಲೆ ಬಿತ್ತು, ಲೋಕೇಶನ ಪೇಟದ ಮೇಲೆ ಬಿತ್ತು, ಪುರೋಹಿತರನ್ನು ದಾಟಿತು, ಓಲಗದವರನ್ನು ದಾಟಿತು, ಹಿಂದೆ ಒಲೆಯ ಮುಂದೆ ಬೇಯುತ್ತಿದ್ದ ಅಡುಗೆಯವರವರೆಗೂ ಹೋಗಿ ಅಲ್ಲಿ ತಲೆಯಿಟ್ಟು ಮಲಗಿತು. ಅಷ್ಟು ಎತ್ತರದ, ಅಷ್ಟು ಅಗಲ ಹೆಗಲಿನ ಹೆಂಗಸನ್ನು ನಮ್ಮೂರು ಕಂಡಿಲ್ಲ. ಕೆಂಪಮ್ಮ ತಮ್ಮ ನೆರಳು ನೋಡಿಕೊಂಡು ಸೆರಗು ಸರಿಮಾಡಿಕೊಂಡರು.

ಫೋನು ಇನ್ನೂ ಕಿವಿಯಲ್ಲೇ ಇತ್ತು. ಸಾಬರೇ, ಇದು ಯಾರ ನೆರಳು ಎಂದು ಕೇಳಿದೆ.

"ನಿಮ್ದೇ," ಎಂದರು. "ನಿಮ್ಮನ್ನ ನಾನು ಕಂಡಿಲ್ಲ. ಇಷ್ಟು ವರ್ಷ ದನಿ ಕೇಳಿದೀನಿ. ದನಿ ಅಳತೆಗೆ ಬರ್ದೆ."

ತಾಳಿ ಕಟ್ಟಿದ್ದನ್ನು ನಾನು ಸರಿಯಾಗಿ ನೋಡಲಿಲ್ಲ, ಕಣ್ಣು ತುಂಬಿ ಎಲ್ಲ ಕಲಸಿಹೋಗಿತ್ತು. ಸಂತೋಷವಾದರೆ ಹೀಗೆ ಹೊಟ್ಟೆಯೊಳಗಿಂದ ನಗು ಬರುತ್ತದೆ ಅನ್ನುವುದು ಮರೆತೇಹೋಗಿತ್ತು. ನಳಿನಿ ಕಾಲಿಗೆ ಬೀಳಲು ಬಂದಾಗ, ದೊಡ್ಡಮ್ಮ, ಇದರಲ್ಲಿ ಇಡೀ ಬೀದಿ ಕೂರಬಹುದು, ಎಂದಳು. ಆಮೇಲೆ ನನ್ನ ಕೈಯಿಂದ ಕೊಡೆ ಕಿತ್ತುಕೊಂಡು ಲೋಕೇಶನ ಅಜ್ಜಿಗೆ ಕೊಟ್ಟುಬಿಟ್ಟಳು.

ಊಟಕ್ಕೆ ನಿಲ್ಲಲಿಲ್ಲ. ಮಧ್ಯಾಹ್ನದ ನೆರಳು ಮಡಚುವ ಹೊತ್ತಿಗೆ ಕಚೇರಿ ಸೇರಿ ಸಾಬರನ್ನು ಊಟಕ್ಕೆ ಕಳಿಸಬೇಕಿತ್ತು, ಮುಖ್ಯವಾಗಿ ಅವರ ಮುಖ ನೋಡಬೇಕಿತ್ತು. ಅವರ ಪಾಲಿನ ಹೋಳಿಗೆ ಕಟ್ಟಿಸಿಕೊಂಡು ಹತ್ತೂವರೆಗೆ ಒಬ್ಬಳೇ ಸೇತುವೆ ಹತ್ತಿದೆ. ಬಿಸಿಲು ಬೆನ್ನಿಗಿತ್ತು. ನೆರಳು ನನ್ನ ಮುಂದೆ ಮುಂದೆ, ನನಗಿಂತ ಗತ್ತಿನಿಂದ, ಅಗಲ ಹೆಗಲು ಆಡಿಸಿಕೊಂಡು ಹೋಗುತ್ತಿತ್ತು. ಎದುರು ಬಂದವರು ಮೊದಲು ಅದನ್ನು ನೋಡಿ, ಆಮೇಲೆ ಅದರ ಹಿಂದೆ ಬರುವ ನನ್ನನ್ನು ನೋಡಿ, ದಾರಿ ಬಿಟ್ಟರು. ನಟ್ಟನಡುವಿನ ಆ ಜಾಗ ಹತ್ತಿರ ಬಂತು. ನೆರಳಿನ ತಲೆ ಮೊದಲು ದಾಟಿತು, ಎಡಕ್ಕೆ ಒಂದು ಗೇಣು ಹಾರಿತು. ಹೆಗಲು ಹಾರಿತು, ಸೊಂಟ ಹಾರಿತು, ಕೊನೆಗೆ ಕಾಲು ಬಂತು. ಮಹಡಿಯ ಮೇಲೆ ಕೂತು ಯಾರೋ ಈ ನೆತ್ತಿಯನ್ನೇ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನಲವತ್ತಾರು ವರ್ಷದ ನಾನು ಒಂದು ಕೈಯಲ್ಲಿ ಹೋಳಿಗೆ ಗಂಟು, ಒಂದು ಕೈಯಲ್ಲಿ ನೆರಿಗೆ ಹಿಡಿದು ಎಡಕ್ಕೆ ಹಾರಿದೆ.

ಆಮೇಲೆ ತಿರುಗಿ ಹೋಗಿ ಇನ್ನೊಂದು ಸಲ ಹಾರಿದೆ. ಇನ್ನೂ ಒಂದು ಸಲ. ಆ ದಿನ ಈ ದಡದ ಮಧ್ಯಾಹ್ನದ ನೆರಳು ಕಾಲು ಗಂಟೆ ತಡವಾಗಿ ಮಡಚಿತು, ಯಾರೂ ದೂರು ಕೊಡಲಿಲ್ಲ.